ಬೀದಿ ಜಗಲಿಯ ಓದು

ಕದ್ದು ಓದಿದ ಸುಖ ನನಗೆ ಗೊತ್ತಿಲ್ಲ. ನಾಲ್ಕು ಜನರ ನಡುವೆ ಇದನ್ನು ಹೇಳಿಕೊಳ್ಳಲು ಈಗಲೂ ಸ್ವಲ್ಪ ಸಂಕೋಚವೇ. ನನ್ನ ವಯಸ್ಸಿನವರು ಒಂದೆಡೆ ಸೇರಿ ಪುಸ್ತಕದ ಮಾತು ಬಂತೆಂದರೆ ಪ್ರತಿಯೊಬ್ಬರ ಬಳಿಯೂ ಒಂದೊಂದು ಸಾಹಸದ ಕಥೆ ಇರುತ್ತದೆ. ಒಬ್ಬರು ಅಟ್ಟ ಹತ್ತಿ ಹುಣಿಸೆಹಣ್ಣಿನ ಮಡಕೆಗಳ ಮಧ್ಯೆ ಕೂತು ಕಾದಂಬರಿ ಮುಗಿಸಿದ್ದಾರೆ. ಇನ್ನೊಬ್ಬರು ಭೂಗೋಳದ ಪುಸ್ತಕದೊಳಗೆ ಪತ್ತೇದಾರಿ ಕಥೆ ಇಟ್ಟುಕೊಂಡು ಓದಿ, ಪರೀಕ್ಷೆಯಲ್ಲಿ ಗಂಗಾನದಿಯ ದಡದ ಮೇಲೆ ಒಂದು ಕೊಲೆ ಮಾಡಿಸಿ ಬಂದಿದ್ದಾರೆ. ಮತ್ತೊಬ್ಬಾಕೆ ಕೊಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಪುಸ್ತಕದ ಕೊನೆಯ ಹಾಳೆಗಳನ್ನು ಹಸು ತಿಂದುಹಾಕಿ, ಆ ಕಥೆಯ ನಾಯಕಿ ಬದುಕಿದಳೋ ಸತ್ತಳೋ ಆಕೆಗೆ ಇವತ್ತಿಗೂ ತಿಳಿದಿಲ್ಲವಂತೆ. ಸಿಕ್ಕಿಬಿದ್ದದ್ದು, ಕಿವಿ ಹಿಂಡಿಸಿಕೊಂಡದ್ದು, ಒಲೆಗೆ ಹಾಕಿದ ಪುಸ್ತಕಕ್ಕಾಗಿ ಅತ್ತದ್ದು, ಎಲ್ಲ ಹೇಳಿ ಮುಗಿಸಿ ನನ್ನ ಕಡೆ ತಿರುಗುತ್ತಾರೆ. ನಾನು ಕಾಫಿ ಲೋಟ ಎತ್ತಿಕೊಳ್ಳುತ್ತೇನೆ. ನಾನು ಓದಿದ್ದೆಲ್ಲ ಅರಸೀಕೆರೆಯಲ್ಲಿ, ನಮ್ಮ ಮನೆಯ ಬೀದಿ ಜಗಲಿಯ ಮೇಲೆ, ಹಾಡಹಗಲಲ್ಲಿ, ಹೋಗಿಬರುವವರೆಲ್ಲ ನೋಡುವಂತೆ. ಇದರಲ್ಲೇನು ಸಾಹಸ ಎಂದು ನೀವು ಕೇಳಬಹುದು. ಬಹಳ ಕಾಲ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆಗಿನ್ನೂ ಮಹಾರಾಜರ ಕಾಲ. ಅಪ್ಪನದು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ಹತ್ತಿರದ ಗಂಡಸಿ ಎಂಬ ಊರಿನಲ್ಲಿ ನಮ್ಮ ತೆಂಗಿನ ತೋಟ, ರಾಗಿ ಹೊಲ. ಅದನ್ನು ನೋಡಿಕೊಳ್ಳುತ್ತಿದ್ದವರು ಅಪ್ಪನ ಅಣ್ಣ, ನನ್ನ ದೊಡ್ಡಪ್ಪ. ಮನೆತನದ ಯಜಮಾನರು ಅವರೇ. ಅವರ ಎದುರು ಅಪ್ಪ ಕಾಲು ಮಡಿಸಿ ಕೂರುತ್ತಿದ್ದ. ಅಪ್ಪನಿಗೆ ಓದು ಬರಹ ಬರುತ್ತಿತ್ತು, ಆದರೆ ಅವನ ಓದು ಭಾರ ಹೇರಿದ ಗಾಡಿಯಂತೆ. ಬೆರಳು ಸಾಲಿನ ಮೇಲೆ ಮುಂದೆ ಮುಂದೆ ಹೋಗಬೇಕು, ಕಣ್ಣು ಅದರ ಹಿಂದೆ ಬರಬೇಕು, ತುಟಿ ಎರಡಕ್ಕೂ ಹೂಂಗುಟ್ಟಬೇಕು. ಅವ್ವನಿಗೆ ಅಕ್ಷರವೇ ಗೊತ್ತಿರಲಿಲ್ಲ. ಇಂಥ ಮನೆಯಲ್ಲಿ ನನಗೆ ಪುಸ್ತಕದ ಹುಚ್ಚು ಎಲ್ಲಿಂದ ಹತ್ತಿತೋ ನನಗೆ ಗೊತ್ತಿಲ್ಲ. ಕೆಲವರಿಗೆ ಮಣ್ಣು ತಿನ್ನುವ ಚಟ ಹತ್ತುವುದಿಲ್ಲವೇ, ಹಾಗೆ. ಊರಿನ ವಾಚನಾಲಯದಲ್ಲಿ ಎರಡು ಬೀರು ತುಂಬ ಪುಸ್ತಕಗಳಿದ್ದವು. ಅಪ್ಪನ ಹೆಸರಿನಲ್ಲಿ ಅವು ಒಂದೊಂದಾಗಿ ನನ್ನ ಚೀಲಕ್ಕೆ ಬರತೊಡಗಿದವು.

ಮಿಡ್ಲ್ ಸ್ಕೂಲಿಗೆ ಸೇರಿದ ವರ್ಷ ನಮ್ಮ ಮೇಷ್ಟ್ರು ನನ್ನ ಚೀಲದಲ್ಲಿ ಒಂದು ಕಾದಂಬರಿಯನ್ನು ಕಂಡು, ಅಪ್ಪನಿಗೆ ಹೇಳಿ ಕಳಿಸಿದರು. ಹೆಣ್ಣುಮಗು ಏನೇನೋ ಓದುತ್ತಾಳೆ, ತಂದೆಯಾದವರು ಗಮನ ಕೊಡಬೇಕು ಎಂದು. ಅಪ್ಪ ಗಮನ ಕೊಡಲು ಕೂತ. ಮಂಡಿಯಿಂದ ಬಂದವನು ಕೈಕಾಲು ತೊಳೆದು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲ ಪುಟದ ಮೇಲೆ ಬೆರಳಿಟ್ಟ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಬೆವರಿದ್ದ. ನಾನು ಕಂಬ ಹಿಡಿದು ನಿಂತಿದ್ದೆ. ಪುಸ್ತಕ ಕಿತ್ತುಕೊಳ್ಳುತ್ತಾನೆ ಎಂದೇ ಎಣಿಸಿದ್ದೆ. ಅಪ್ಪ ಬೆರಳು ತೆಗೆದು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ.

“ನಾನು ಇವನ್ನೆಲ್ಲ ಓದಿ ನೋಡಿ, ಇದು ಸರಿ ಇದು ತಪ್ಪು ಅಂತ ಹೇಳೋ ಹೊತ್ತಿಗೆ ನಿನಗೆ ಮೊಮ್ಮಕ್ಕಳಾಗಿರ್ತವೆ ಕಣವ್ವ,” ಅಂದ. “ನಿನಗೆ ಏನು ಬೇಕೋ ಓದ್ಕೊ. ಅಡಗಿಸ್ಕೊಂಡು ಮಾತ್ರ ಓದ್ಬ್ಯಾಡ. ಜಗಲಿ ಮೇಲೆ ಕೂತ್ಕೊಂಡು ಓದು. ಸುರಿದಿಟ್ಟ ಕೊಬ್ಬರಿ ಮೇಲೆ ಯಾರೂ ಅನುಮಾನ ಪಡಲ್ಲ. ಬಾಯಿ ಕಟ್ಟಿದ ಚೀಲ ಕಂಡ್ರೇನೇ ಎಲ್ರಿಗೂ ಗುಮಾನಿ.”

ನನಗೆ ಹಾಕಿದ ಕಟ್ಟಳೆ ಇಷ್ಟೇ. ಅಪ್ಪ ಅದನ್ನು ದೊಡ್ಡ ತತ್ತ್ವವೆಂದೇನೂ ಹೇಳಿರಲಿಲ್ಲ. ದಿನವಿಡೀ ಮಂಡಿಯಲ್ಲಿ ದುಡಿಯುವ ಮನುಷ್ಯ, ತನಗಾಗದ ಕೆಲಸವನ್ನು ಬೀದಿಯ ತಲೆಗೆ ಕಟ್ಟಿದ ಎಂದರೂ ನಡೆಯುತ್ತದೆ. ಆದರೆ ಮಕ್ಕಳ ಓದಿನ ಬಗ್ಗೆ ದೊಡ್ಡ ದೊಡ್ಡವರು ಬರೆದದ್ದನ್ನು ಆಮೇಲೆ ಎಷ್ಟೋ ಓದಿದ್ದೇನೆ. ಯಾವ ವಯಸ್ಸಿಗೆ ಯಾವ ಪುಸ್ತಕ, ಎಳೆಯ ಮನಸ್ಸು ಮೇಣವೋ ಜೇಡಿಮಣ್ಣೋ, ಹೀಗೆ. ಅಪ್ಪನ ಮಾತಿಗಿಂತ ಹೆಚ್ಚಿನದೇನೂ ನನಗೆ ಅವುಗಳಲ್ಲಿ ಸಿಕ್ಕಿಲ್ಲ. ಮಗಳು ಹೇಳುವ ಮಾತು ಇದು, ಸ್ವಲ್ಪ ಕಳೆದು ತೆಗೆದುಕೊಳ್ಳಿ.

ಬಹಿರಂಗವಾಗಿ ಓದುವುದು ಸುಲಭ ಎಂದು ತಿಳಿಯಬೇಡಿ. ಅಟ್ಟದ ಮೇಲೆ ಓದುವವರಿಗೆ ಇಲಿಯ ಕಾಟವೊಂದೇ. ನನಗೆ ಇಡೀ ಅರಸೀಕೆರೆಯ ಕಾಟ. ರೈಲು ಬಂದ ಹೊತ್ತಿಗೆ ಸ್ಟೇಷನ್ನಿನ ಕಡೆಯಿಂದ ಜನ ಬರುತ್ತಿದ್ದರು. ಬಳೆಗಾರ ಹೆಗಲಿನ ಬಳೆಗಳ ಮಲಾರ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ. ಎದುರು ಮನೆಯ ಅಜ್ಜಿ ಬೇವಿನಕಡ್ಡಿಯಲ್ಲಿ ಹಲ್ಲುಜ್ಜುತ್ತ ಇತ್ತಲೇ ನೋಡುತ್ತಿದ್ದಳು. ಎಲ್ಲರಿಗೂ ಒಂದೇ ಪ್ರಶ್ನೆ, ಏನವ್ವ ಓದ್ತಿದ್ದೀಯ ಎಂದು. ಹೇಳಲೇಬೇಕು. ಮುನ್ನೂರು ಪುಟದ ಕಥೆಯನ್ನು ಬಳೆಗಾರ ಮಲಾರ ಎತ್ತುವುದರೊಳಗೆ ಹೇಳಿ ಮುಗಿಸುವ ವಿದ್ಯೆ ನನಗೆ ಬಂದದ್ದು ಹೀಗೆ.

ಒಮ್ಮೆ ವಾಚನಾಲಯದಿಂದ ಒಂದು ಪುಸ್ತಕ ತಂದೆ. ಅದರ ವಿಷಯವಾಗಿ ಸ್ಕೂಲಿನ ದೊಡ್ಡ ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ಪಿಸುಗುಟ್ಟುತ್ತಿದ್ದುದನ್ನು ಕೇಳಿದ್ದೆ. ಕಟ್ಟಳೆಯಂತೆ ಜಗಲಿಯ ಮೇಲೇ ತೆರೆದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಿವಿ ಬೆಚ್ಚಗಾಯಿತು. ಅದೇ ಪುಟ ನಡೆಯುತ್ತಿರುವಾಗಲೇ ಅಂಚೆಯವನು ಬಂದ, ಅಜ್ಜಿ ಬಂದಳು, ಮೇಷ್ಟ್ರೂ ಅದೇ ದಾರಿಯಾಗಿ ಹೋದರು. ಪುಸ್ತಕ ಮುಚ್ಚಿದರೆ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಬಡ್ಡಿ ಲೆಕ್ಕ ಮಾಡುವವಳ ಮುಖ ಮಾಡಿಕೊಂಡು ಕೊನೆಯವರೆಗೂ ಓದಿದೆ. ನಿಜ ಹೇಳಬೇಕೆಂದರೆ ಪುಸ್ತಕಕ್ಕಿಂತ ಹುಡುಗಿಯರ ಪಿಸುಮಾತೇ ಚೆನ್ನಾಗಿತ್ತು. ಕದ್ದು ಓದಿದ್ದರೆ ಅದನ್ನೊಂದು ಮಹಾಗ್ರಂಥ ಎಂದುಕೊಂಡು ಇವತ್ತಿಗೂ ನೆನೆಯುತ್ತಿದ್ದೆನೋ ಏನೋ. ಬಿಸಿಲಿನಲ್ಲಿ ಓದಿದಾಗ ಪುಸ್ತಕದ ಬಣ್ಣ ಬೇಗ ತಿಳಿಯುತ್ತದೆ.

ನಮ್ಮ ಮನೆಯ ಎದುರಿಗೆ ಒಂದು ಹೊಂಗೆಮರ. ಮಂಡಿಗೆ ಕೊಬ್ಬರಿ ತರುವ ಗಾಡಿಯವರು ಅದರ ನೆರಳಿನಲ್ಲಿ ಎತ್ತು ಬಿಚ್ಚುತ್ತಿದ್ದರು. ಅವರಲ್ಲೊಬ್ಬರು ಒಂದು ದಿನ, ಮನಸ್ಸಿನಲ್ಲೇ ಯಾಕವ್ವ ಓದ್ತೀಯ, ನಮಗೂ ಒಂಚೂರು ಕೇಳಲಿ ಅಂದರು. ನಾನು ಓದಿದೆ. ಕಳ್ಳತನದ ಕಥೆ. ಕಳ್ಳ ಯಾರೆಂದು ಗೊತ್ತಾಗುವ ಮುಂಚೆ ಏಳುವಂತಿಲ್ಲ. ಮರುದಿನ ಇನ್ನೆರಡು ಗಾಡಿ ನಿಂತವು. ಆ ವಾರ ಮಂಡಿಗೆ ಸರಕು ಯಾಕೆ ತಡವಾಗಿ ಬರುತ್ತಿದೆ ಎಂದು ಹುಡುಕಿಕೊಂಡು ಹೊರಟ ಅಪ್ಪನಿಗೆ ಸರಕೆಲ್ಲ ತನ್ನ ಮನೆಯ ಬಾಗಿಲಲ್ಲೇ ಸಿಕ್ಕಿತು. ಬೈಯಲಿಲ್ಲ. ಕಳ್ಳ ಸಿಕ್ಕಿದನಾ ಎಂದು ಕೇಳಿದ. ಇನ್ನೂ ಇಲ್ಲ ಎಂದಾಗ, ಹಾಗಾದರೆ ಬೇಗ ಹಿಡಿ, ಗಾಡಿ ಖಾಲಿ ಮಾಡಿಸಬೇಕು ಎಂದು ಹೇಳಿ ತಾನೂ ಮರದ ಬೇರಿನ ಮೇಲೆ ಕೂತ.

ಈ ಸುದ್ದಿ ಗಾಡಿಗಳ ಜೊತೆಗೇ ಗಂಡಸಿಗೆ ಹೋಯಿತು.

ಅಷ್ಟರಲ್ಲಿ ನಾನು ದೊಡ್ಡವಳಾದೆ. ಆರತಿ, ಸೋಬಾನೆ, ಎಳ್ಳುಬೆಲ್ಲದ ಚಿಗಳಿ, ಎಲ್ಲ ನಡೆಯಿತು. ದೊಡ್ಡವಳಾದ ಹುಡುಗಿ ಬೀದಿ ಜಗಲಿಯಲ್ಲಿ ಕೂರುವ ವಾಡಿಕೆ ನಮ್ಮಲ್ಲಿ ಇರಲಿಲ್ಲ. ಜಗಲಿ ಗಂಡಸರದು. ಅವ್ವ ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಜಗಲಿಯನ್ನು ಸಾರಿಸಿದ್ದಳು, ರಂಗೋಲಿ ಇಟ್ಟಿದ್ದಳು. ಒಂದು ದಿನವೂ ಅದರ ಮೇಲೆ ಕೂತಿರಲಿಲ್ಲ. ನಾನು ಸ್ಕೂಲು ಬಿಟ್ಟಾಗಿತ್ತು. ಶಾಸ್ತ್ರವೆಲ್ಲ ಮುಗಿದ ಮೇಲೆ ಅಪ್ಪ ಏನೂ ಹೇಳಲಿಲ್ಲವೆಂದು ನಾನು ಹಳೆಯ ಜಾಗಕ್ಕೇ ಹೋಗಿ ಕೂತೆ. ಎದುರು ಮನೆಯ ಅಜ್ಜಿ ಬೇವಿನಕಡ್ಡಿಯನ್ನು ಬಾಯಿಂದ ತೆಗೆದು ನೋಡಿದಳು.

ಮುಂದಿನ ಸಂತೆಯ ದಿನ ದೊಡ್ಡಪ್ಪ ಬಂದರು. ಅವರು ಕೆಟ್ಟವರಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟ ಸುತ್ತಿಸಿದವರು. ಆದರೆ ಮನೆತನದ ಮಾತು ಬಂದರೆ ಅವರ ಮುಖ ಬೇರೆಯೇ ಆಗುತ್ತಿತ್ತು. ಅವರನ್ನು ಕಂಡು ನಾನು ಒಳಗೆ ಎದ್ದುಹೋದೆ. ಅವರು ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಛತ್ರಿಯನ್ನು ಪಕ್ಕಕ್ಕಿಟ್ಟು, ಅಪ್ಪನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದರು. ಹಳೇಬೀಡಿನ ಕಡೆಯಿಂದ ಒಂದು ಸಂಬಂಧದ ಮಾತು ನಡೆದಿದೆ. ಅವರು ಅನುಕೂಲವಂತರು, ಹುಡುಗ ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಇಲ್ಲಿ ನೋಡಿದರೆ ಮನೆಯ ಹುಡುಗಿ ಗಾಡಿಯವರಿಗೆ ಕಥೆ ಓದಿ ಹೇಳುತ್ತಾಳೆ ಎಂದು ಸಂತೆಯಲ್ಲಿ ಜನ ನಗುತ್ತಾರೆ. ಇದನ್ನೆಲ್ಲ ನಿಧಾನವಾಗಿಯೇ ಹೇಳಿದರು. ಕೊನೆಗೆ, “ಇವತ್ತಿಗೆ ಮುಗೀತು. ಜಗಲೀನೂ ಬ್ಯಾಡ, ಪುಸ್ತಕಾನೂ ಬ್ಯಾಡ,” ಅಂದರು.

ನಾನು ಬಾಗಿಲ ಹಿಂದೆ ನಿಂತು ಅಪ್ಪನ ಉತ್ತರಕ್ಕೆ ಕಾದೆ. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಅಣ್ಣನಿಗೆ ಎದುರಾಡಿ ಅವನಿಗೆ ಗೊತ್ತಿರಲಿಲ್ಲ. ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದ, ಪುಸ್ತಕ ಓದುವಾಗ ಎಳೆಯುವಂತೆಯೇ. ಆ ಕ್ಷಣದಲ್ಲಿ ಅಪ್ಪನ ಮೇಲೆ ನನಗೆ ಬಂದದ್ದು ಸಿಟ್ಟೋ ಕನಿಕರವೋ ಇವತ್ತಿಗೂ ಬಗೆಹರಿದಿಲ್ಲ.

ಪಕ್ಕದಲ್ಲಿ ಅವ್ವ ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ಬರುವುದಿಲ್ಲ, ಮಾತಾಡುವುದಂತೂ ದೂರವೇ. ದೊಡ್ಡಪ್ಪನಿಗೆ ನೀರು ಬೇಕಾದರೆ ಅವ್ವ ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಅವ್ವನಿಗೆ ಏನಾದರೂ ಹೇಳಬೇಕಾದರೆ ದೊಡ್ಡಪ್ಪ ಗೋಡೆಗೆ ಹೇಳುತ್ತಿದ್ದರು. ಅಂಥ ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಮೊರ ಎತ್ತಿಕೊಂಡಳು, ಹೊಸಿಲು ದಾಟಿದಳು. ಜಗಲಿಯ ಆ ತುದಿಗೆ ಹೋಗಿ, ಭಾವನಿಗೆ ಅರ್ಧ ಬೆನ್ನು ಮಾಡಿ ಕೂತಳು. ಮೊರವನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ಕರೆದಳು.

“ಬಾರವ್ವ, ಇಲ್ಲಿ ಬೆಳಕು ಚೆನ್ನಾಗೈತೆ. ನಿನ್ನೆ ಬಿಟ್ಟ ಕಡೆಯಿಂದ ಓದು. ನಾನೂ ಕೇಳ್ತೀನಿ.”

ದೊಡ್ಡಪ್ಪ ಬಾಯಿ ತೆರೆದರು. ಆಮೇಲೆ ಮುಚ್ಚಿದರು. ಅವರ ಕಷ್ಟ ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ. ತಮ್ಮನ ಹೆಂಡತಿ ಜಗಲಿಗೆ ಬಂದು ಕೂತದ್ದು ತಪ್ಪು, ಸರಿ. ಆದರೆ ಎದ್ದು ಒಳಗೆ ಹೋಗು ಎಂದು ಹೇಳಲು ಅವರು ಅವಳೊಡನೆ ಮಾತಾಡಬೇಕು. ಅದೂ ತಪ್ಪೇ. ಯಾವ ಮರ್ಯಾದೆ ಅವ್ವನನ್ನು ಅಷ್ಟು ವರ್ಷ ಒಳಗೆ ಇಟ್ಟಿತ್ತೋ ಅದೇ ಮರ್ಯಾದೆ ಈಗ ದೊಡ್ಡಪ್ಪನ ಬಾಯಿ ಕಟ್ಟಿತು. ಅವರು ಸ್ವಲ್ಪ ಹೊತ್ತು ಗೋಡೆಯನ್ನು ನೋಡಿದರು. ಗೋಡೆಗೂ ಹೇಳುವುದೇನೂ ಹೊಳೆಯದೆ ಛತ್ರಿ ತೆಗೆದುಕೊಂಡು ಎದ್ದುಹೋದರು.

ನಾನು ಓದಿದೆ. ಏನು ಓದಿದೆನೋ ನೆನಪಿಲ್ಲ. ಅಪ್ಪ ಆ ಮಧ್ಯಾಹ್ನ ಮಂಡಿಗೆ ವಾಪಸು ಹೋಗಲಿಲ್ಲ. ಕಂಬಕ್ಕೆ ಒರಗಿ, ನನ್ನ ಕಡೆ ನೋಡದೆ, ಅವ್ವನ ಕಡೆಯೇ ನೋಡುತ್ತ ಕೂತಿದ್ದ. ಅವ್ವ ಮಾತ್ರ ಕಲ್ಲು ಆರಿಸುತ್ತಲೇ ಇದ್ದಳು. ಹುರುಳಿ ಆವತ್ತು ಕನ್ನಡಿಯಂತೆ ಹಸನಾಯಿತು.

ಇಲ್ಲಿಗೆ ಗೆದ್ದೆವು ಎಂದುಕೊಳ್ಳಬೇಡಿ. ದೊಡ್ಡಪ್ಪ ಮನೆಗೆ ಬರುವುದು ನಿಂತಿತು. ಸಂತೆಯ ದಿನ ನೇರವಾಗಿ ಮಂಡಿಗೆ ಹೋಗಿ, ಅಪ್ಪನೊಡನೆ ಅಷ್ಟಕ್ಕಷ್ಟೇ ಮಾತಾಡಿ, ಹಾಗೆಯೇ ಗಂಡಸಿಗೆ ಹೊರಟುಬಿಡುತ್ತಿದ್ದರು. ಎಳನೀರು, ಅವರೆಕಾಯಿ ಮೊದಲಿನಂತೆಯೇ ಬರುತ್ತಿದ್ದವು, ಆದರೆ ಆಳಿನ ಕೈಯಲ್ಲಿ. ಅಪ್ಪನ ಊಟ ಕಡಿಮೆಯಾಯಿತು. ನನಗೆ ಭಯವಾಯಿತು. ಒಂದು ಪುಸ್ತಕಕ್ಕಾಗಿ ಅಣ್ಣತಮ್ಮಂದಿರ ನಡುವೆ ಮುನಿಸಾಗುವುದಾದರೆ ನನಗೆ ಯಾವ ಓದೂ ಬೇಡ ಅನ್ನಿಸಿತು. ಅವ್ವನ ಹತ್ತಿರ ಹೋಗಿ, ನಾನು ಇನ್ನು ಒಳಗೇ ಇರುತ್ತೇನೆ, ಪುಸ್ತಕ ಹಿಂದಕ್ಕೆ ಕೊಟ್ಟುಬಿಡುತ್ತೇನೆ, ದೊಡ್ಡಪ್ಪನನ್ನು ಕರೆಸು ಎಂದೆ. ಅವ್ವ ಜಗಲಿಯಲ್ಲಿ ಕಾಲು ಚಾಚಿ ಕೂತು ಬೀದಿ ನೋಡುತ್ತಿದ್ದಳು. ಯಾರ ಮನೆಯ ಸೊಸೆ ಎಂಥ ಸೀರೆ ಉಟ್ಟಳು, ಯಾವ ಗಾಡಿಯ ಎತ್ತು ಕುಂಟುತ್ತಿದೆ, ರೈಲಿಗೆ ಓಡುವವರಲ್ಲಿ ಯಾರಿಗೆ ರೈಲು ತಪ್ಪಬಹುದು ಎಂಬುದೆಲ್ಲ ಅಷ್ಟರಲ್ಲಿ ಅವಳಿಗೆ ಬಾಯಿಪಾಠವಾಗಿತ್ತು.

“ನಿನಗೋಸ್ಕರ ಅಂತ ನಾನು ಹೊರಕ್ಕೆ ಬಂದೆ ಕಣೇ. ಈಗ ನೀನೇ ಒಳಕ್ಕೆ ನಡಿ ಅಂದ್ರೆ ಹೆಂಗೆ?” ಅಂದಳು. ನಕ್ಕಳು. ಆಮೇಲೆ ನಗು ನಿಲ್ಲಿಸಿ, “ನಿಮ್ಮ ದೊಡ್ಡಪ್ಪ ನಮ್ಮೋರೇ. ಎಲ್ಲಿಗೆ ಹೋಯ್ತಾರೆ? ನೀನು ಓದು,” ಅಂದಳು.

ನನ್ನ ಓದಿಗೆ ಅವ್ವ ಬಿಡುಗಡೆ ಕೊಟ್ಟಳು ಎಂದಷ್ಟೇ ಅಲ್ಲಿಯವರೆಗೆ ನಾನು ತಿಳಿದಿದ್ದೆ. ನನ್ನ ಓದಿನಿಂದ ಅವ್ವನಿಗೂ ಒಂದಿಷ್ಟು ಬೀದಿ ಸಿಕ್ಕಿತ್ತು ಎಂಬುದು ಹೊಳೆದದ್ದು ಆವತ್ತೇ.

ಅವ್ವ ಬಹಳ ಕಟುವಾದ ಕೇಳುಗಾರ್ತಿ. ನಾಯಕಿ ಪುಟಗಟ್ಟಲೆ ಕಣ್ಣೀರು ಸುರಿಸಿದರೆ, ಇವಳಿಗೆ ಬೆಳಗಾಗೆದ್ದು ಬೀಸುವ ಕೆಲಸ ಇದ್ದಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲ ಅನ್ನುತ್ತಿದ್ದಳು. ನಾಯಕ ಜ್ವರದಲ್ಲಿ ನರಳುವಾಗ, ಆ ಮನೆಯಲ್ಲಿ ಒಂದು ಲೋಟ ಕಷಾಯ ಮಾಡಿಕೊಡುವವರು ಯಾರೂ ಇಲ್ಲವೇ ಎಂದು ಬರೆದವರ ಮೇಲೇ ಸಿಟ್ಟಾಗುತ್ತಿದ್ದಳು. ಆದರೆ ಒಂದು ಪುಸ್ತಕವನ್ನೂ, ಒಂದು ಪುಟವನ್ನೂ, ಇದು ಬೇಡ ಮುಂದಕ್ಕೆ ಹೋಗು ಅನ್ನಲಿಲ್ಲ. ಓದಲು ನಾಚಿಕೆಯಾಗಿ ನಾನೇ ನುಂಗಿದ ಸಾಲುಗಳನ್ನು ಅವಳು ಪತ್ತೆ ಹಚ್ಚುತ್ತಿದ್ದಳು. ಇಲ್ಲೇನೋ ಬಿಟ್ಟೆ, ಕಥೆ ಎಗರಿತು ಎಂದು ಹಿಂದಕ್ಕೆ ಕರೆದು ಓದಿಸುತ್ತಿದ್ದಳು.

ಹಳೇಬೀಡಿನವರು ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಮನೆತನದ ಯಜಮಾನರಿಲ್ಲದೆ ಆ ಕೆಲಸ ನಡೆಯುವಂತಿಲ್ಲ. ಅಪ್ಪ ಗಂಡಸಿಗೆ ಹೋಗಿ ಕರೆದು ಬಂದ. ಬರುತ್ತಾರೋ ಇಲ್ಲವೋ ಎಂಬ ಅಳುಕು ಎಲ್ಲರಿಗೂ ಇತ್ತು. ಬೆಳಿಗ್ಗೆಯೇ ಬಂದರು, ಹೊಸ ರುಮಾಲು ಸುತ್ತಿಕೊಂಡು. ಯಾರೊಡನೆಯೂ ಮಾತಿಲ್ಲ. ಜಗಲಿಯಲ್ಲಿ ಕೂರದೆ ನೇರವಾಗಿ ಪಡಸಾಲೆಗೆ ಹೋಗಿ ಕಂಬಳಿಯ ಮೇಲೆ ಕೂತರು.

ಹುಡುಗನ ಕಡೆಯವರು ಬಂದರು. ಉಪಚಾರವಾಯಿತು, ಮಳೆ ಬೆಳೆಯ ಮಾತಾಯಿತು. ಆಮೇಲೆ ಹುಡುಗನ ತಂದೆ ಗಂಟಲು ಸರಿ ಮಾಡಿಕೊಂಡು, ಹುಡುಗಿಯ ಬಗ್ಗೆ ಎಲ್ಲ ಒಳ್ಳೆಯ ಮಾತೇ ಕೇಳಿದ್ದೇವೆ, ಆದರೆ ಬೀದಿಯಲ್ಲಿ ಕೂತು ಕಥೆ ಪುಸ್ತಕ ಓದುತ್ತಾಳೆ ಎಂದೂ ಯಾರೋ ಹೇಳಿದರು ಎಂದರು. ಅಪ್ಪನ ಬೆರಳು ಕಂಬಳಿಯ ಮೇಲೆ ಗೆರೆ ಎಳೆಯತೊಡಗಿತು. ಒಳಗೆ ಅವ್ವ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ದೊಡ್ಡಪ್ಪ ಏನು ಹೇಳುತ್ತಾರೆ ಎಂಬುದರಲ್ಲಿ ನಮಗೆ ಯಾರಿಗೂ ಅನುಮಾನವಿರಲಿಲ್ಲ.

“ಹೌದು, ಓದ್ತಾಳೆ,” ಅಂದರು ದೊಡ್ಡಪ್ಪ. “ನಮ್ಮ ಮನೇಲಿ ಮುಚ್ಚಿಟ್ಟು ಮಾಡೋ ಕೆಲಸ ಯಾವುದೂ ಇಲ್ಲ. ಓದಿದ್ರೂ ನಾಕು ಜನ ನೋಡೋ ಹಂಗೆ ಓದ್ತಾಳೆ, ಪಕ್ಕದಲ್ಲಿ ಅವರವ್ವ ಕೂತಿರ್ತಾಳೆ. ನಿಮ್ಮ ಕಡೆ ಹೆಂಗೋ ನನಗೆ ಗೊತ್ತಿಲ್ಲ.”

ತಾನು ಬೈದರೆ ಮನೆಯ ಮಾತು, ಹೊರಗಿನವರು ಅಂದರೆ ಅದು ಮನೆತನಕ್ಕೆ ಅಂದ ಹಾಗೆ. ದೊಡ್ಡಪ್ಪನ ಲೆಕ್ಕ ಅದು. ನನ್ನ ಓದಿನ ಮೇಲೆ ಅವರಿಗೆ ಪ್ರೀತಿ ಹುಟ್ಟಿತ್ತೆಂದು ನಾನು ಹೇಳಲಾರೆ. ಆದರೆ ಆ ದನಿಯಲ್ಲಿದ್ದ ಹೆಮ್ಮೆ ಸುಳ್ಳಲ್ಲ. ಹುಡುಗನ ತಂದೆ, ನಮ್ಮ ಹುಡುಗನಿಗೂ ಅದೇ ರೋಗ, ಕಚೇರಿಯಿಂದ ಬಂದರೆ ಪುಸ್ತಕದೊಳಗೆ ಮುಖ ಎಂದು ನಕ್ಕುಬಿಟ್ಟರು. ಆವತ್ತು ಊಟಕ್ಕೆ ಹೋಳಿಗೆ. ಬಡಿಸುವಾಗ ದೊಡ್ಡಪ್ಪ ಸಾಕು ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಸೆರಗೆಳೆದುಕೊಂಡು ಅವತ್ತು ತಾನೇ ಬಡಿಸಲು ಬಂದಿದ್ದ ಅವ್ವ ಬೆರಳ ಸಂದಿಯಲ್ಲೇ ತುಪ್ಪ ಸುರಿದಳು. ಮಾತಾಡುವಂತಿಲ್ಲವಲ್ಲ, ಮತ್ತೆ ಹೇಗೆ ಹೇಳಬೇಕು ಅವಳು.

ಮದುವೆಯಾಗಿ ಬೇಲೂರಿನಲ್ಲಿ ಸಂಸಾರ ಹೂಡಿದೆ. ಗುಮಾಸ್ತರ ರೋಗ ನಿಜವಾಗಿತ್ತು. ನಮ್ಮಿಬ್ಬರ ಮೊದಲ ಜಗಳವೂ ಒಂದು ಪುಸ್ತಕವನ್ನು ಯಾರು ಮೊದಲು ಓದಬೇಕು ಎಂಬುದಕ್ಕೇ. ನಮ್ಮ ಮನೆ ಅಲ್ಲಿನ ದೊಡ್ಡ ದೇವಸ್ಥಾನಕ್ಕೆ ಹತ್ತಿರ. ಸಂಜೆ ಹೊತ್ತು ಹೋಗಿ, ಸೂರಿನಡಿಯ ಮದನಿಕೆಯರನ್ನು ಕತ್ತೆತ್ತಿ ನೋಡುತ್ತ ನಿಲ್ಲುತ್ತಿದ್ದೆ. ಕನ್ನಡಿ ಹಿಡಿದವಳಿದ್ದಾಳೆ, ಗಿಳಿಯೊಡನೆ ಮಾತಾಡುವವಳಿದ್ದಾಳೆ, ಬೇಟೆಗೆ ಹೊರಟವಳಿದ್ದಾಳೆ. ಇಷ್ಟೊಂದು ಜನರಲ್ಲಿ ಓದುತ್ತ ನಿಂತವಳು ಒಬ್ಬಳಾದರೂ ಸಿಕ್ಕಾಳೆಂದು ಹುಡುಕಿದ್ದೇ ಹುಡುಕಿದ್ದು. ನನ್ನ ಕಣ್ಣಿಗೆ ಸಿಗಲಿಲ್ಲ. ಓದುವವಳು ತಲೆ ತಗ್ಗಿಸುತ್ತಾಳೆ, ಮುಖ ಕಾಣುವುದಿಲ್ಲ, ಶಿಲ್ಪಿಗೆ ಅದರಿಂದೇನು ಲಾಭ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಾಣಂತನಕ್ಕೆಂದು ಬಂದಿದ್ದ ಅವ್ವನನ್ನು ಕರೆದುಕೊಂಡು ಹೋದಾಗ ಅವಳು ಕತ್ತು ನೋಯುವಷ್ಟು ನೋಡಿ, ಇವರೆಲ್ಲ ಎಷ್ಟು ಚೆನ್ನಾಗಿ ಹೊರಗೇ ನಿಂತವರೆ ಎಂದಳು. ಒಳಗೂ ನಾಲ್ವರಿದ್ದಾರೆ ಎಂದೆ. ಪಾಪ ಎಂದಳು.

ಸಂಕೋಚ ಬಿಟ್ಟು ಎಲ್ಲಾದರೂ ಹೇಳಿದರೆ, ಈ ಕಥೆ ಕೇಳಿದವರೆಲ್ಲ ಕೊನೆಗೆ ಒಂದು ಮಾತು ಕೇಳುತ್ತಾರೆ. ಅಷ್ಟು ದಿನ ಪಕ್ಕದಲ್ಲಿ ಕೂತು ಕೇಳಿದ ನಿಮ್ಮವ್ವ ಅಕ್ಷರ ಕಲಿತಿರಬೇಕಲ್ಲವೇ ಎಂದು. ಕಲಿತಳು ಎಂದರೆ ಕಥೆಗೆ ಒಂದು ಅಂದ ಬರುತ್ತದೆ, ನನಗೆ ಗೊತ್ತು. ಆದರೆ ಅವ್ವ ಕಲಿಯಲಿಲ್ಲ. ಬೇಲೂರಿನಲ್ಲಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ, ಸ್ಲೇಟು ತಂದು ಅವಳ ಮುಂದಿಟ್ಟು ನಾನೇ ಕೇಳಿದ್ದೆ. ನನ್ನನ್ನು ಓದಿಸಿದವಳು ನೀನು, ಈಗ ನಾನು ನಿನಗೆ ಕಲಿಸುತ್ತೇನೆ ಎಂದು ಸ್ವಲ್ಪ ದೊಡ್ಡತನದಲ್ಲೇ ಹೇಳಿದೆ. ಅವ್ವ ಸ್ಲೇಟನ್ನು ಮೆಲ್ಲಗೆ ಆಚೆ ಸರಿಸಿದಳು.

“ಓದಕ್ಕೆ ನೀವೆಲ್ಲ ಇದ್ದೀರಲ್ಲವ್ವ,” ಅಂದಳು. “ಕೂತ್ಕೊಂಡು ಕೇಳಕ್ಕೂ ಒಬ್ರು ಬ್ಯಾಡ್ವಾ?”